ಮೀಟರಿನ ಅಂಕಿ 14.7 ಬಿಟ್ಟು ಕದಲುತ್ತಿಲ್ಲ: ಫ್ಯೂಯಲ್ ಕಂಟ್ರೋಲರ್ ಹೊಂದಿಸುವಾಗ ನಾನು ಎಡವಿದ್ದೆಲ್ಲಿ?

ಪ್ರಶ್ನೆ: ಕಾಪು ಕಡಲತಡಿ

ನಮಸ್ಕಾರ. ನನ್ನದು 2012ರ ಮಾದರಿಯ, 1.2 ಲೀಟರಿನ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಟರ್ಬೊ ಇಲ್ಲದ ಬಿಎಸ್-4 ಗಾಡಿ. ಎಂಜಿನ್ ಎಳೆದುಕೊಳ್ಳುವ ಗಾಳಿಯ ಲೆಕ್ಕವನ್ನು ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಮ್ಯಾಪ್ ಸೆನ್ಸರಿನಿಂದ, ಅಂದರೆ ಗಾಳಿ ಒಳಗೆಳೆಯುವ ಮ್ಯಾನಿಫೋಲ್ಡಿನ ಒತ್ತಡ ಅಳೆಯುವ ಸೆನ್ಸರಿನಿಂದ, ಪಡೆಯುತ್ತದೆ. ಹೊಗೆ ಹೊರಹೋಗುವ ಹಳೆಯ ಮ್ಯಾನಿಫೋಲ್ಡ್ ತೆಗೆದು ಫ್ರೀ-ಫ್ಲೋ ಹೆಡರ್ ಹಾಕಿಸಿದ್ದೇನೆ, ಏರ್ ಫಿಲ್ಟರಿನ ಡಬ್ಬಿಯ ಜಾಗದಲ್ಲಿ ಕೋನ್ ಫಿಲ್ಟರ್ ಕೂರಿಸಿದ್ದೇನೆ. ಕ್ಯಾಟಲಿಟಿಕ್ ಕನ್ವರ್ಟರ್ ಮಾತ್ರ ಕಂಪನಿಯದೇ, ಅದನ್ನು ಮುಟ್ಟಿಲ್ಲ.

ಮೂರು ತಿಂಗಳ ಹಿಂದೆ ಮ್ಯಾಪ್ ಸೆನ್ಸರಿನ ತಂತಿಯ ನಡುವೆ ಸೇರಿಸುವ ಪಿಗ್ಗಿಬ್ಯಾಕ್ ಫ್ಯೂಯಲ್ ಕಂಟ್ರೋಲರ್ (ಇಸಿಯುಗೆ ಹೋಗುವ ಸಂಕೇತವನ್ನು ತಿದ್ದಿ ಇಂಧನ ಹೆಚ್ಚು ಕಡಿಮೆ ಮಾಡಿಸುವ ಪೆಟ್ಟಿಗೆ) ಒಂದನ್ನೂ, ಹೆಡರ್‌ನ ಕೆಳಗಿನ ಫ್ಲ್ಯಾಂಜ್ ದಾಟಿದ ಪೈಪಿನಲ್ಲಿ ಗಾಳಿ-ಇಂಧನದ ಅನುಪಾತವನ್ನು ಮೀಟರಿನಲ್ಲಿ ತೋರಿಸಲು ಹೊಗೆಯನ್ನು ಅಳೆಯುವ ವೈಡ್‌ಬ್ಯಾಂಡ್ ಸೆನ್ಸರನ್ನೂ ನಾನೇ ಕೂರಿಸಿದೆ. ಕಂಟ್ರೋಲರಿನಲ್ಲಿ ಕಡಿಮೆ ಥ್ರಾಟಲ್‌ಗೆ ಒಂದು ಸಾಲು, ಹೆಚ್ಚು ಥ್ರಾಟಲ್‌ಗೆ ಇನ್ನೊಂದು ಸಾಲು ಇದ್ದು, ಪ್ರತಿ 500 ಆರ್‌ಪಿಎಂಗೆ ಒಂದೊಂದು ಅಂಕಿ ತುಂಬಬಹುದು. ಬೆಂಗಳೂರಿನ ಸ್ನೇಹಿತರೊಬ್ಬರ ಇಂತಹದೇ ಕಾರಿನ ಅಂಕಿಗಳನ್ನು ಆಧಾರವಾಗಿಟ್ಟುಕೊಂಡು, ಕಡಿಮೆ ಥ್ರಾಟಲ್‌ನ ಸಾಲಿನಲ್ಲಿ 2000ದಿಂದ 3500ರವರೆಗೆ ಶೇ. 6 ಕಡಿತ ಮಾಡಿದೆ. ಹೆಚ್ಚು ಥ್ರಾಟಲ್‌ನ ಸಾಲನ್ನು ಸೊನ್ನೆಯಲ್ಲೇ ಬಿಟ್ಟಿದ್ದೇನೆ.

ಮೊದಲ ಎರಡು ದಿನ ಗಾಡಿ ಹಗುರವಾಗಿ ಓಡಿದಂತೆ ತೋರಿತು. ಆಮೇಲೆ ಕಂಡದ್ದು ಹೀಗಿದೆ. ಹೆಜಮಾಡಿಯಿಂದ ಉಡುಪಿಯವರೆಗೆ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ, ಕಡಿತವನ್ನು ಶೇ. 3 ಮಾಡಿದರೂ 6 ಮಾಡಿದರೂ ಮೀಟರು 14.7ನ್ನೇ ತೋರಿಸುತ್ತದೆ. ಇಪ್ಪತ್ತು ಶೇಕಡಾ ಎಥನಾಲ್ ಇರುವ ಪೆಟ್ರೋಲಿಗೆ ಸರಿಯಾದ ಅನುಪಾತ 13.5 ಎಂದು ಓದಿದ್ದೇನೆ. ಹಾಗಾದರೆ ನನ್ನ ಗಾಡಿ ಲೀನ್ ಆಗಿ, ಅಂದರೆ ಇಂಧನ ಸಾಲದೆ, ಓಡುತ್ತಿದೆಯೆ? ಇನ್ನೊಂದು ಕಡೆ, ನಾನು ಮುಟ್ಟದೇ ಇರುವ ಪೂರ್ತಿ ಥ್ರಾಟಲ್‌ನಲ್ಲಿ ಮೀಟರು 11.8ಕ್ಕೆ ಇಳಿಯುತ್ತದೆ. ಎಂಜಿನ್ ಬಿಸಿಯಾದ ಮೇಲೂ ಐಡ್ಲಿಂಗ್‌ನಲ್ಲಿ 15.6 ಬರುತ್ತದೆ. ಕಂಟ್ರೋಲರಿನ ಲಾಗ್‌ನಲ್ಲಿ ದಾಖಲಾಗುವ ಅಂಕಿಯಂತೂ ಮೀಟರಿನ ಅಂಕಿಗಿಂತ ಯಾವಾಗಲೂ 0.4ರಷ್ಟು ಹೆಚ್ಚು. ಇದೆಲ್ಲ ಸಾಲದೆಂಬಂತೆ, ಹೋದ ಭಾನುವಾರ ಆಗುಂಬೆ ಘಾಟಿ ಹತ್ತುವಾಗ ಮೂರನೇ ಗೇರಿನಲ್ಲಿ 2500ರ ಸುಮಾರಿಗೆ, ತಗಡಿನ ಡಬ್ಬಿಯಲ್ಲಿ ಗೋಲಿ ಅಲುಗಾಡಿಸಿದಂತಹ ಶಬ್ದ ಬಂತು.

ಸ್ಕ್ಯಾನರ್ ಹಾಕಿ ನೋಡಿದಾಗ ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ (ಇಸಿಯು ಕಲಿತುಕೊಂಡು ಇಂಧನಕ್ಕೆ ಮಾಡುವ ಶೇಕಡಾವಾರು ತಿದ್ದುಪಡಿ) +11 ಇತ್ತು. ಇಂಜೆಕ್ಟರ್ ಬದಲಾಯಿಸಬೇಕು ಎಂದು ಒಂದು ಗ್ಯಾರೇಜಿನವರು ಹೇಳಿದ್ದಾರೆ. ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ 1: ಬೈಕಂಪಾಡಿಯವ

ಇಂಜೆಕ್ಟರಿಗೆ ಸದ್ಯ ಕೈ ಹಾಕಬೇಡಿ. ನೀವು ಬರೆದಿರುವ ಐದು ತೊಂದರೆಗಳಲ್ಲಿ ಒಂದಕ್ಕೂ ಇಂಜೆಕ್ಟರ್ ಕಾರಣವಿರುವಂತೆ ಕಾಣುವುದಿಲ್ಲ. ಕಂಟ್ರೋಲರ್ ಕೂರಿಸುವ ಮೊದಲು ಮೀಟರನ್ನಷ್ಟೇ ಹಾಕಿ ಒಂದು ವಾರ ಓಡಿಸಿ, ಟ್ರಿಮ್ ಎಷ್ಟು, ಪೂರ್ತಿ ಥ್ರಾಟಲ್‌ನಲ್ಲಿ ಎಷ್ಟು ಎಂದು ಬರೆದಿಟ್ಟುಕೊಂಡಿದ್ದರೆ ಈ ಪ್ರಶ್ನೆಯ ಮುಕ್ಕಾಲು ಪಾಲು ಹುಟ್ಟುತ್ತಲೇ ಇರಲಿಲ್ಲ. ಎರಡು ಸಾಮಾನನ್ನೂ ಒಂದೇ ದಿನ ಕೂರಿಸುವ ಆತುರವನ್ನು ನಾನೂ ಮಾಡಿದವನೇ, ಆದ್ದರಿಂದ ಹೆಚ್ಚು ಹೇಳುವುದಿಲ್ಲ.

ಮೊದಲು 14.7ರ ವಿಚಾರ. ಸಾಧಾರಣ ವೇಗದಲ್ಲಿ ನಿಮ್ಮ ಇಸಿಯು ಕ್ಲೋಸ್ಡ್ ಲೂಪ್‌ನಲ್ಲಿರುತ್ತದೆ. ಅಂದರೆ ಹೆಡರ್‌ನಲ್ಲಿರುವ ಕಂಪನಿಯ ಆಕ್ಸಿಜನ್ ಸೆನ್ಸರಿನ ವೋಲ್ಟೇಜ್ 0.45ರ ಆಚೆ ಈಚೆ ಹೊಯ್ದಾಡುವುದನ್ನು ನೋಡುತ್ತ, ಇಂಧನವನ್ನು ಕ್ಷಣಕ್ಷಣಕ್ಕೂ ತುಸು ಹೆಚ್ಚಿಸಿ, ತುಸು ತಗ್ಗಿಸಿ, ಮಿಶ್ರಣವನ್ನು ಸರಿಯಾದ ಬಿಂದುವಿನಲ್ಲೇ ಹಿಡಿದಿಡುತ್ತದೆ. ಕಂಟ್ರೋಲರ್ ಮ್ಯಾಪ್ ಸೆನ್ಸರಿನ ಸಂಕೇತವನ್ನು ಶೇ. 6 ತಗ್ಗಿಸಿ ಗಾಳಿ ಕಡಿಮೆ ಇದೆ ಎಂದು ಇಸಿಯುವನ್ನು ನಂಬಿಸಿದರೆ, ಅದು ಮೊದಲು ಇಂಧನ ಕಡಿಮೆ ಮಾಡುತ್ತದೆ ನಿಜ. ಆದರೆ ಸೈಲೆನ್ಸರಿನ ಕಡೆಯಿಂದ ಆಮ್ಲಜನಕ ಹೆಚ್ಚು ಬರುತ್ತಿದೆ ಎಂಬ ದೂರು ಸೆನ್ಸರಿನಿಂದ ಬಂದೊಡನೆ, ಕಡಿಮೆ ಮಾಡಿದ್ದನ್ನು ತಾನೇ ವಾಪಸು ಸೇರಿಸುತ್ತದೆ. ಕೆಲವು ದಿನ ಹೀಗೆಯೇ ನಡೆದರೆ ಅದನ್ನು ಲಾಂಗ್ ಟರ್ಮ್ ಟ್ರಿಮ್ ಆಗಿ ಕಲಿತುಕೊಂಡುಬಿಡುತ್ತದೆ. ನೀವು ಕಡಿದ 6ನ್ನು ತುಂಬಲು ಅದಕ್ಕೆ 6.4ರಷ್ಟು ಸೇರಿಸಬೇಕಾಗುತ್ತದೆ. ಗಾಡಿ ಹಗುರವಾಗಿ ಓಡಿತು ಎಂದು ನಿಮಗನ್ನಿಸಿದ ಆ ಎರಡು ದಿನ, ಇಸಿಯು ಇನ್ನೂ ಪಾಠ ಕಲಿಯುತ್ತಿದ್ದ ಸಮಯ.

+11ರಲ್ಲಿ ಉಳಿದ ನಾಲ್ಕೈದು ಎಥನಾಲಿನದು. ಶುದ್ಧ ಪೆಟ್ರೋಲಿಗೆ ಸರಿಯಾದ ಅನುಪಾತ 14.7 ಆದರೆ, ಶೇ. 10 ಎಥನಾಲ್ ಬೆರೆತದ್ದಕ್ಕೆ ಸುಮಾರು 14.1, ಶೇ. 20 ಬೆರೆತದ್ದಕ್ಕೆ ಸುಮಾರು 13.5. ಎಥನಾಲಿನ ಅಣುವಿನಲ್ಲೇ ಆಮ್ಲಜನಕ ಇರುವುದರಿಂದ ಅದು ಗಾಳಿಯನ್ನು ಕಡಿಮೆ ಬೇಡುತ್ತದೆ, ಅಷ್ಟೇ ಗಾಳಿಗೆ ಇಂಧನ ಹೆಚ್ಚು ಬೇಕಾಗುತ್ತದೆ. 14.1ನ್ನು 13.5ರಿಂದ ಭಾಗಿಸಿ ನೋಡಿ, ಶೇ. 4ಕ್ಕಿಂತ ತುಸು ಹೆಚ್ಚು ಬರುತ್ತದೆ. ನಿಮ್ಮ ಕಾಲದ ಗಾಡಿ ಇಂದಿನ ಬಂಕಿನ ಪೆಟ್ರೋಲಿನಲ್ಲಿ +4 ಅಥವಾ +5 ತೋರಿಸುವುದು ರೋಗವಲ್ಲ.

ಇನ್ನು 13.5ರ ಗೊಂದಲ. ಇದರಲ್ಲಿ ಬಹಳ ಜನ ಸಿಕ್ಕಿಬೀಳುತ್ತಾರೆ. ವೈಡ್‌ಬ್ಯಾಂಡ್ ಸೆನ್ಸರಿಗೆ ಟ್ಯಾಂಕಿನಲ್ಲಿ ಏನಿದೆ ಎಂಬುದು ಗೊತ್ತಿಲ್ಲ. ಅದು ಅಳೆಯುವುದು ಲ್ಯಾಂಬ್ಡಾವನ್ನು, ಅಂದರೆ ಬೇಕಾದ ಗಾಳಿಗೆ ಇರುವ ಗಾಳಿ ಎಷ್ಟು ಪಾಲು ಎಂಬುದನ್ನು. ಮೀಟರು ಆ ಸಂಖ್ಯೆಯನ್ನು 14.7ರಿಂದ ಗುಣಿಸಿ ನಮಗೆ ತೋರಿಸುತ್ತದೆ, ಅಷ್ಟೆ. ಟ್ಯಾಂಕಿನಲ್ಲಿ ಯಾವ ಪೆಟ್ರೋಲೇ ಇರಲಿ, ಮಿಶ್ರಣ ಸರಿಯಾಗಿದ್ದರೆ ಲ್ಯಾಂಬ್ಡಾ 1, ಮೀಟರಿನಲ್ಲಿ 14.7. ಮೀಟರಿನಲ್ಲಿ 13.5 ಬರಿಸಲು ನೀವು ಹೊರಟರೆ ಲ್ಯಾಂಬ್ಡಾ 0.92 ಆಗುತ್ತದೆ, ಅಂದರೆ ಶೇ. 8ರಷ್ಟು ರಿಚ್ (ಇಂಧನ ಅತಿಯಾದ ಮಿಶ್ರಣ). ಮೀಟರಿನ ಸೆಟ್ಟಿಂಗ್‌ನಲ್ಲಿ ಲ್ಯಾಂಬ್ಡಾ ಆಯ್ಕೆ ಇದ್ದರೆ ಇವತ್ತೇ ಅದಕ್ಕೆ ಬದಲಾಯಿಸಿ. ಅರ್ಧ ತಲೆನೋವು ಅಲ್ಲಿಗೇ ಹೋಗುತ್ತದೆ.

ಪೂರ್ತಿ ಥ್ರಾಟಲ್‌ನ 11.8ಕ್ಕೂ ಇದೇ ಮೂಲ. ಆಕ್ಸಿಲರೇಟರನ್ನು ನೆಲಕ್ಕೆ ಒತ್ತಿದಾಗ ಇಸಿಯು ಓಪನ್ ಲೂಪ್‌ಗೆ ಹೋಗುತ್ತದೆ, ಸೆನ್ಸರಿನ ಮಾತು ಕೇಳುವುದಿಲ್ಲ. ಆದರೆ ತಾನು ಕಲಿತಿಟ್ಟ ಟ್ರಿಮ್ಮನ್ನು ಅನೇಕ ಇಸಿಯುಗಳು ಅಲ್ಲಿಗೂ ಹೊತ್ತೊಯ್ಯುತ್ತವೆ. ಅಲ್ಲಿ ನಿಮ್ಮ ಕಡಿತ ಸೊನ್ನೆ, ಆದರೂ ಕಡಿತವನ್ನು ತುಂಬಲೆಂದು ಕಲಿತ ಹೆಚ್ಚುವರಿ ಹಾಗೆಯೇ ಇದೆ. 11.8ನ್ನು 1.11ರಿಂದ ಗುಣಿಸಿದರೆ 13.1 ಬರುತ್ತದೆ, ಟ್ರಿಮ್ ಏನೂ ಇಲ್ಲದಿದ್ದರೆ ನಿಮ್ಮ ಗಾಡಿ ತೋರಿಸುತ್ತಿದ್ದ ಅಂಕಿ ಅದು. ಎಥನಾಲಿನ +5 ಮಾತ್ರ ಉಳಿದರೆ 12.5ರ ಆಸುಪಾಸು ನಿಲ್ಲಬೇಕು. ಟರ್ಬೊ ಇಲ್ಲದ ಎಂಜಿನ್ ಪೂರ್ತಿ ಶಕ್ತಿ ಕೊಡುವುದು ಮೀಟರಿನ 12.5ರಿಂದ 13ರ ಒಳಗೆ. ಕಡಿಮೆ ಥ್ರಾಟಲ್‌ನ ಸಾಲಿನಲ್ಲಿ ನೀವು ಮಾಡಿದ ಕಡಿತ ಹೆಚ್ಚು ಥ್ರಾಟಲ್‌ನ ಸಾಲನ್ನು ಕೆಡಿಸಿದೆ ಎಂದು ನನ್ನ ಲೆಕ್ಕ.

ಐಡ್ಲಿಂಗ್‌ನ 15.6 ಬೇರೆಯೇ ಕಥೆ. ಕಂಪನಿಯ ಸೆನ್ಸರು ಹೆಡರ್‌ನಲ್ಲಿದೆ, ನಿಮ್ಮ ವೈಡ್‌ಬ್ಯಾಂಡ್ ಫ್ಲ್ಯಾಂಜ್ ದಾಟಿದ ಮೇಲಿದೆ. ಎರಡರ ನಡುವಿನ ಗ್ಯಾಸ್ಕೆಟ್ ಸೋರುತ್ತಿದ್ದರೆ, ಹೊಗೆಯ ಒತ್ತಡ ಏರಿಳಿಯುವಾಗ ಹೊರಗಿನ ಗಾಳಿ ಒಳಗೆಳೆಯಲ್ಪಟ್ಟು ವೈಡ್‌ಬ್ಯಾಂಡಿಗೆ ಇಲ್ಲದ ಲೀನ್ ಕಾಣುತ್ತದೆ. ಹೊಗೆ ಕಡಿಮೆ ಇರುವ ಐಡ್ಲಿಂಗ್‌ನಲ್ಲಿ ಇದು ಎದ್ದು ಕಾಣುತ್ತದೆ, ವೇಗ ಹೆಚ್ಚಿದಂತೆ ಮರೆಯಾಗುತ್ತದೆ. ಬೆಳಿಗ್ಗೆ ತಣ್ಣನೆಯ ಎಂಜಿನ್ ಚಾಲೂ ಮಾಡಿ, ಇನ್ನೊಬ್ಬರಿಂದ ಸೈಲೆನ್ಸರಿನ ಬಾಯಿಗೆ ದಪ್ಪ ಬಟ್ಟೆಯನ್ನು ಎರಡು ಮೂರು ಸೆಕೆಂಡು ಒತ್ತಿಸಿ. ಸೋರಿಕೆ ಇದ್ದರೆ ಫ್ಲ್ಯಾಂಜ್ ಬಳಿ ಚಟ್ ಚಟ್ ಎಂದು ಕೇಳಿಸುತ್ತದೆ.

ಲಾಗ್‌ನಲ್ಲಿ ಬರುವ 0.4ರ ವ್ಯತ್ಯಾಸಕ್ಕೆ ಗ್ರೌಂಡ್ ನೋಡಿ. ಮೀಟರಿನಿಂದ ಹೊರಬರುವ ವೋಲ್ಟೇಜನ್ನು ಎರಡರಿಂದ ಗುಣಿಸಿ ಹತ್ತು ಕೂಡಿಸಿದರೆ ಅನುಪಾತ ಬರುವಂತಹ ಮೀಟರು ನಿಮ್ಮದಾದರೆ, 0.4 ಎಂದರೆ 0.2 ವೋಲ್ಟ್ ಮಾತ್ರ. ಮೀಟರಿನ ಗ್ರೌಂಡ್ ಡ್ಯಾಶ್‌ಬೋರ್ಡಿನ ಯಾವುದೋ ಸ್ಕ್ರೂಗೆ, ಕಂಟ್ರೋಲರಿನದು ಎಂಜಿನ್ನಿಗೆ ಎಂದಿದ್ದರೆ, ನಮ್ಮ ಕರಾವಳಿಯ ಉಪ್ಪುಗಾಳಿಯಲ್ಲಿ ಅಷ್ಟು ವ್ಯತ್ಯಾಸ ಬರುವುದು ಸಹಜ. ಎರಡನ್ನೂ ಒಂದೇ ಜಾಗಕ್ಕೆ, ಇಸಿಯು ಗ್ರೌಂಡ್ ಇರುವಲ್ಲಿಗೇ ಒಯ್ಯಿರಿ.

ಉತ್ತರ 2: ಹೆಬ್ರಿಯ ದಾರಿ

ಬೈಕಂಪಾಡಿಯವರು ಘಾಟಿಯ ಶಬ್ದದ ಬಗ್ಗೆ ಬರೆದಿಲ್ಲವಾದ್ದರಿಂದ ನಾನು ಸೇರಿಸುತ್ತೇನೆ. ವಾರಕ್ಕೆರಡು ಬಾರಿ ಸೋಮೇಶ್ವರದಿಂದ ಆಗುಂಬೆಗೆ ಹತ್ತುವವನು ನಾನು. ಅಲ್ಲಿಯ ಹದಿನಾಲ್ಕು ತಿರುವುಗಳಲ್ಲಿ ಗಾಡಿಯ ಯಾವ ದೋಷವೂ ಅಡಗಿ ಕೂರುವುದಿಲ್ಲ.

ಮ್ಯಾಪ್ ಸಂಕೇತವನ್ನು ತಗ್ಗಿಸುವ ಪೆಟ್ಟಿಗೆಯಲ್ಲಿ ಒಂದು ಅಡ್ಡ ಪರಿಣಾಮವಿದೆ. ಇಸಿಯು ಆ ಒಂದೇ ಸಂಕೇತದಿಂದ ಇಂಧನವನ್ನೂ ಲೆಕ್ಕ ಹಾಕುತ್ತದೆ, ಸ್ಪಾರ್ಕ್ ಎಷ್ಟು ಮೊದಲು ಹೊಡೆಯಬೇಕು ಎಂಬುದನ್ನೂ ನಿರ್ಧರಿಸುತ್ತದೆ. ಎಂಜಿನ್ನಿನ ಮೇಲೆ ಭಾರ ಕಡಿಮೆ ಇದ್ದಾಗ ಸ್ಪಾರ್ಕನ್ನು ಹೆಚ್ಚು ಅಡ್ವಾನ್ಸ್ ಮಾಡುವುದು ಅದರ ಪದ್ಧತಿ. ಏರುದಾರಿಯಲ್ಲಿ ಗಾಳಿ ಒಳಗೆಳೆಯುವ ಮ್ಯಾನಿಫೋಲ್ಡಿನ ಒತ್ತಡ ನಿಜವಾಗಿ 80 ಕಿಲೊಪಾಸ್ಕಲ್ ಇರುವಾಗ ನಿಮ್ಮ ಪೆಟ್ಟಿಗೆ ಅದನ್ನು 75 ಎಂದು ಹೇಳುತ್ತದೆ. ಇಸಿಯು 75ಕ್ಕೆ ತಕ್ಕ ಅಡ್ವಾನ್ಸ್ ಕೊಡುತ್ತದೆ. ಇಂಧನದ ಕಡಿತವನ್ನು ಟ್ರಿಮ್ ಸರಿಪಡಿಸಿತು, ಆದರೆ ಸ್ಪಾರ್ಕಿನ ತಪ್ಪನ್ನು ಸರಿಪಡಿಸುವವರು ಯಾರೂ ಇಲ್ಲ. ಅಲ್ಲಿಗೆ ಇಂಧನದಲ್ಲಿ ನಿಮಗೆ ಏನೂ ಉಳಿಯಲಿಲ್ಲ, ನಾಕಿಂಗ್ (ಇಂಧನ ಅಕಾಲದಲ್ಲಿ ಸಿಡಿದು ಬರುವ ಆ ಗೋಲಿಯ ಶಬ್ದ) ಮಾತ್ರ ಕೈಗೆ ಬಂತು. ಅದರ ಮೇಲೆ ಕೋನ್ ಫಿಲ್ಟರು ಬಾನೆಟ್ಟಿನೊಳಗಿನ ಬಿಸಿಗಾಳಿಯನ್ನೇ ಎಳೆಯುತ್ತಿದ್ದರೆ ಇನ್ನೂ ಕಷ್ಟ. ಎಥನಾಲ್ ಆಕ್ಟೇನನ್ನು (ನಾಕಿಂಗ್ ತಡೆಯುವ ಗುಣವನ್ನು) ಏರಿಸುವುದರಿಂದ ಇಷ್ಟಕ್ಕೇ ನಿಂತಿದೆ ಎನ್ನಬೇಕು.

ಬೆಂಗಳೂರಿನ ಅಂಕಿಗಳನ್ನು ಇಲ್ಲಿ ಹಾಕಿದ್ದೂ ಸರಿಯಲ್ಲ. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ 91 ಕಿಲೊಪಾಸ್ಕಲ್ ಸುಮಾರು, ಕಾಪುವಿನಲ್ಲಿ 101. ನಿಮ್ಮ ಎಂಜಿನ್ ದಿನವೂ ತುಂಬಿಕೊಳ್ಳುವಷ್ಟು ಗಾಳಿಯನ್ನು ಅವರ ಎಂಜಿನ್ ಆ ಊರಿನಲ್ಲಿ ಕಂಡೇ ಇಲ್ಲ. ತೇವಾಂಶವನ್ನೂ ಮರೆಯಬಾರದು. 30 ಡಿಗ್ರಿ ಸೆಕೆಯಲ್ಲಿ ಶೇ. 85 ಆರ್ದ್ರತೆ ಇರುವ ದಿನ, ನಾವು ಗಾಳಿ ಎನ್ನುವುದರಲ್ಲಿ ಶೇ. 3.5ರಷ್ಟು ಬರೀ ನೀರಾವಿ. ಮ್ಯಾಪ್ ಸೆನ್ಸರು ಒತ್ತಡವನ್ನಷ್ಟೇ ಅಳೆಯುವುದರಿಂದ ಆವಿಯನ್ನೂ ಗಾಳಿಯೆಂದೇ ಎಣಿಸುತ್ತದೆ. ಓಪನ್ ಲೂಪ್‌ನಲ್ಲಿ ಮಿಶ್ರಣ ಅಷ್ಟರಮಟ್ಟಿಗೆ ರಿಚ್ ಕಡೆಗೆ ಜಾರುತ್ತದೆ. ಜೂನ್ ತಿಂಗಳಲ್ಲಿ ಹೊಂದಿಸಿದ್ದು ಜನವರಿಯ ಒಣ ಮುಂಜಾವಿನಲ್ಲಿ ಕೂದಲೆಳೆಯಷ್ಟು ಬೇರೆಯಾಗಿ ಕಾಣುವುದು ಇದಕ್ಕೇ.

ಸದ್ಯಕ್ಕೆ ಕಡಿತವನ್ನೆಲ್ಲ ಸೊನ್ನೆ ಮಾಡದೆ ಘಾಟಿ ಹತ್ತಬೇಡಿ.

ಉತ್ತರ 3: ಕೊಟ್ಟಾರದಿಂದ

ಮೇಲಿನ ಇಬ್ಬರೂ ಹೇಳಿದ್ದು ಸರಿಯಾದರೂ, ಮೈಲೇಜ್ ಬೇಕೆಂದರೆ ಇನ್ನೊಂದು ದಾರಿ ಇದೆ. ಕಂಪನಿಯ ಆಕ್ಸಿಜನ್ ಸೆನ್ಸರಿನ ಸಂಕೇತವನ್ನೇ ತುಸು ಬದಲಾಯಿಸಿ ಕೊಡುವ ಸಣ್ಣ ಸರ್ಕ್ಯೂಟ್ ಸಿಗುತ್ತದೆ. ಅದನ್ನು ಹಾಕಿದರೆ ಕ್ಲೋಸ್ಡ್ ಲೂಪ್‌ನಲ್ಲೇ 15.5ರಲ್ಲಿ ಓಡಿಸಬಹುದು, ಟ್ರಿಮ್ ಎದುರು ತಿರುಗುವುದಿಲ್ಲ. ನನ್ನ ಹಳೆಯ ಗಾಡಿಯಲ್ಲಿ ಒಂದು ವರ್ಷ ಹಾಗೆ ಓಡಿಸಿದ್ದೇನೆ.

ಉತ್ತರ 4: ಬೈಕಂಪಾಡಿಯವ

ಕೊಟ್ಟಾರದವರ ಸಲಹೆಯನ್ನು ನಾನು ಒಪ್ಪುವುದಿಲ್ಲ. ಹಾಗೆ ಓಡಿಸಲು ಸಾಧ್ಯವೇ ಎಂದರೆ ಸಾಧ್ಯ. ಆದರೆ ಮೂರು ವಿಷವಸ್ತುಗಳನ್ನೂ ಒಟ್ಟಿಗೆ ತೊಡೆಯುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಲಸ ಮಾಡುವುದು ಲ್ಯಾಂಬ್ಡಾ 1ರ ಬಹಳ ಹತ್ತಿರದಲ್ಲಿ ಮಾತ್ರ. ಮಿಶ್ರಣ ಲೀನ್ ಆದೊಡನೆ ನೈಟ್ರೋಜನ್ ಆಕ್ಸೈಡುಗಳನ್ನು ಅದು ಹಾಗೆಯೇ ಹೊರಗೆ ಬಿಡುತ್ತದೆ. 15.5 ಎಂದರೆ ಲ್ಯಾಂಬ್ಡಾ 1.05. ಬಿಎಸ್-4 ಪೆಟ್ರೋಲ್ ಕಾರಿನ ಹೊಗೆ ತಪಾಸಣೆಯಲ್ಲಿ 2500 ಆರ್‌ಪಿಎಂ ಆಸುಪಾಸಿನಲ್ಲಿ ಲ್ಯಾಂಬ್ಡಾ 0.97ರಿಂದ 1.03ರ ಒಳಗಿರಬೇಕೆಂಬ ನಿಯಮವಿದೆ, ಅಂದರೆ ಕಾಗದದ ಮೇಲೂ ಗಾಡಿ ಫೇಲ್. ಅದಲ್ಲದೆ ಲೀಟರು ಎಥನಾಲಿನಲ್ಲಿರುವ ಶಕ್ತಿ ಲೀಟರು ಪೆಟ್ರೋಲಿನ ಮೂರರಲ್ಲಿ ಎರಡು ಪಾಲು ಮಾತ್ರ. ಅಲ್ಲಿ ಹೋದ ಮೈಲೇಜನ್ನು ಸೆನ್ಸರಿಗೆ ಸುಳ್ಳು ಹೇಳಿ ತರಿಸಲಾಗುವುದಿಲ್ಲ.

ಹೆಬ್ರಿಯವರು ಸ್ಪಾರ್ಕಿನ ಬಗ್ಗೆ ಬರೆದದ್ದು ನೂರಕ್ಕೆ ನೂರು ಸರಿ. ಜಪಾನಿನ ಅಪೆಕ್ಸಿ ಕಂಪನಿಯ ಎಸ್-ಎಎಫ್‌ಸಿ ಈ ಜಾತಿಯ ಪೆಟ್ಟಿಗೆಗಳಲ್ಲಿ ಬಹಳ ಹೆಸರಾದದ್ದು. ಗಾಳಿಯ ಸಂಕೇತವನ್ನು ತಿದ್ದುವುದು ಅದರ ಕೆಲಸ, ಹಾಗಾಗಿ ಈ ಸಮಸ್ಯೆ ಅದರಲ್ಲೂ ಇದೆ. ಬೈಕುಗಳಿಗೆ ಬರುವ ಪವರ್ ಕಮಾಂಡರ್‌ನಂತಹವು ಇಂಜೆಕ್ಟರಿಗೆ ಹೋಗುವ ಸಂಕೇತದ ಅವಧಿಯನ್ನೇ ತಿದ್ದುವುದರಿಂದ ಸ್ಪಾರ್ಕಿಗೆ ತೊಂದರೆಯಾಗುವುದಿಲ್ಲ. ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ ಇದು. ಮಾರುವವರು ತಾವಾಗಿ ಹೇಳುವುದು ಕಡಿಮೆ.

ಪ್ರಶ್ನೆ ಕೇಳಿದವರು ಮಾಡಬೇಕಾದದ್ದು: ಎರಡೂ ಸಾಲು ಸೊನ್ನೆ, ಸೋರಿಕೆ ನಿಲ್ಲಿಸುವುದು, ಗ್ರೌಂಡ್ ಸರಿಪಡಿಸುವುದು, ಸ್ಕ್ಯಾನರಿನಿಂದ ಟ್ರಿಮ್ ಅಳಿಸುವುದು, ಆಮೇಲೆ ಒಂದು ಟ್ಯಾಂಕ್ ಪೆಟ್ರೋಲ್ ಮುಗಿಯುವವರೆಗೆ ಏನನ್ನೂ ಮುಟ್ಟದೆ ಓಡಿಸುವುದು. ಪೂರ್ತಿ ಥ್ರಾಟಲ್ ನೋಡಲು ಎರಡನೇ ಗೇರು ಸಾಕು, ವೇಗದ ಮಿತಿ ದಾಟಬೇಕಾಗಿಲ್ಲ. ಮೀಟರು ನೋಡಲು ಪಕ್ಕದಲ್ಲಿ ಇನ್ನೊಬ್ಬರು ಇರಲಿ, ಓಡಿಸುವವರ ಕಣ್ಣು ರಸ್ತೆಯ ಮೇಲಿರಲಿ.

ಉತ್ತರ 5: ಕಾಪು ಕಡಲತಡಿ

ಎಲ್ಲರಿಗೂ ಧನ್ಯವಾದಗಳು. ಹದಿನೈದು ದಿನಗಳ ವರದಿ ಒಪ್ಪಿಸುತ್ತಿದ್ದೇನೆ.

ಮೊದಲು ಬಟ್ಟೆಯ ಪರೀಕ್ಷೆ. ಬೆಳಿಗ್ಗೆ ಆರಕ್ಕೆ ಅಂಗಳದಲ್ಲಿ ತಮ್ಮನನ್ನು ಸೈಲೆನ್ಸರಿನ ಬಳಿ ಕೂರಿಸಿ ಗೋಣಿಚೀಲ ಒತ್ತಿಸಿದೆ. ಫ್ಲ್ಯಾಂಜ್‌ನ ಹಿಂಬದಿಯಿಂದ ಅವಲಕ್ಕಿ ಹುರಿಯುವಾಗ ಕೇಳುವಂತಹ ಚಟಪಟ ಸ್ಪಷ್ಟವಾಗಿ ಬಂತು. ಬಿಚ್ಚಿ ನೋಡಿದರೆ ಮೂರು ಬೋಲ್ಟುಗಳಲ್ಲಿ ಒಂದು ಕೈಯಲ್ಲೇ ತಿರುಗುವಷ್ಟು ಸಡಿಲವಾಗಿತ್ತು. ಗ್ಯಾಸ್ಕೆಟ್‌ನ ಆ ಬದಿಯಲ್ಲಿ ಕಾಡಿಗೆ ತೀಡಿದಂತೆ ಹೆಬ್ಬೆರಳಗಲದ ಮಸಿಯ ಗೆರೆ ಮೂಡಿತ್ತು. ಹೊಸ ಗ್ಯಾಸ್ಕೆಟ್ ಹಾಕಿ ಬಿಗಿದ ಮೇಲೆ ಐಡ್ಲಿಂಗ್‌ನಲ್ಲಿ 14.7ರ ಆಚೀಚೆ ಇದೆ.

ಮೀಟರಿನ ಗ್ರೌಂಡ್ ನಿಜಕ್ಕೂ ಡ್ಯಾಶ್‌ಬೋರ್ಡಿನ ಸ್ಕ್ರೂವಿಗೇ ಇತ್ತು. ಎಂಜಿನ್ ಓಡುವಾಗ ಮಲ್ಟಿಮೀಟರ್ ಹಿಡಿದರೆ ಎರಡು ಗ್ರೌಂಡುಗಳ ನಡುವೆ 0.19 ವೋಲ್ಟ್. ಸ್ಕ್ರೂ ಕಳಚಿದಾಗ ತಂತಿಯ ತುದಿಯಲ್ಲಿ ಹಸಿರು ಪುಡಿ ಕಟ್ಟಿತ್ತು. ಎರಡನ್ನೂ ಇಸಿಯು ಗ್ರೌಂಡ್ ಬಳಿಗೆ ಒಯ್ದ ಮೇಲೆ ಲಾಗ್ ಮತ್ತು ಮೀಟರ್ ಒಂದೇ ಅಂಕಿ ಹೇಳುತ್ತಿವೆ.

ಟ್ರಿಮ್ ಅಳಿಸಿ, ಒಂದು ಟ್ಯಾಂಕ್ ಮುಗಿಸಿ ನೋಡಿದಾಗ ಲಾಂಗ್ ಟರ್ಮ್ +5ರಲ್ಲಿ ನಿಂತಿದೆ. ಪೂರ್ತಿ ಥ್ರಾಟಲ್‌ನಲ್ಲಿ ನಾಲ್ಕು ಬಾರಿ ನೋಡಿದೆವು, 12.4ರಿಂದ 12.6ರ ಒಳಗೇ ಬಂತು. ಲೆಕ್ಕ ಹೇಳಿದವರಿಗೆ ನಮಸ್ಕಾರ. ಮೊನ್ನೆ ಆಗುಂಬೆಗೆ ಅದೇ ಮೂರನೇ ಗೇರಿನಲ್ಲಿ, ಕಿಟಕಿ ಇಳಿಸಿಕೊಂಡು, ಹಾಡು ಆರಿಸಿ ಹತ್ತಿದೆ. ಶಬ್ದವಿಲ್ಲ. ಇಂಜೆಕ್ಟರಿಗೆ ಎತ್ತಿಟ್ಟಿದ್ದ ಹಣದಲ್ಲಿ ಕೋನ್ ಫಿಲ್ಟರಿಗೆ ಬಂಪರಿನ ಹಿಂದಿನಿಂದ ತಂಪುಗಾಳಿ ತರುವ ಪೈಪು ಹಾಕಿಸುವ ಯೋಚನೆಯಿದೆ.

ಈಗ ಉಳಿದ ಪ್ರಶ್ನೆ ಎರಡು. ಹೆಚ್ಚು ಥ್ರಾಟಲ್‌ನ ಸಾಲಿನಲ್ಲಿ ಶೇ. 2 ಕಡಿದರೆ 12.8 ಬರುತ್ತದೆಯಲ್ಲವೆ, ಅಷ್ಟು ಮಾಡಲೆ? ಅದೂ ಬೇಡವೆಂದಾದರೆ, ಎಲ್ಲ ಅಂಕಿಯೂ ಸೊನ್ನೆಯಿರುವ ಕಂಟ್ರೋಲರ್ ಗಾಡಿಯಲ್ಲಿ ಇದ್ದು ಏನು ಪ್ರಯೋಜನ?

ಉತ್ತರ 6: ಬೈಕಂಪಾಡಿಯವ

ಶೇ. 2 ಕಡಿದರೆ 12.8 ಬರುತ್ತದೆ, ಲೆಕ್ಕ ಸರಿ. ಆದರೆ 12.5ರಿಂದ 12.8ಕ್ಕೆ ಸಿಗುವ ಶಕ್ತಿಯನ್ನು ಡೈನೋ (ಶಕ್ತಿ ಅಳೆಯುವ ಯಂತ್ರ) ಮೇಲೆ ಹುಡುಕಿದರೂ ಕಾಣುವುದು ಕಷ್ಟ, ಸ್ಪಾರ್ಕ್ ಮಾತ್ರ ಮತ್ತೆ ತುಸು ಮುಂದೆ ಹೋಗುತ್ತದೆ. ನನ್ನ ಗಾಡಿಯಾಗಿದ್ದರೆ ಬಿಟ್ಟುಬಿಡುತ್ತಿದ್ದೆ. ಮುಂದೆ ಕ್ಯಾಮ್ ಬದಲಾಯಿಸಿದರೆ ಅಥವಾ ದೊಡ್ಡ ಇಂಜೆಕ್ಟರ್ ಹಾಕಿದರೆ ಕಂಟ್ರೋಲರಿಗೆ ಕೆಲಸ ಬರುತ್ತದೆ. ಈಗಿರುವ ಹೆಡರ್ ಮತ್ತು ಫಿಲ್ಟರಿಗೆ ಇಸಿಯು ತಾನೇ ಹೊಂದಿಕೊಂಡಿದೆ.

ಕಂಟ್ರೋಲರ್ ಕಳಚುವುದಾದರೆ ಮ್ಯಾಪ್ ಸೆನ್ಸರಿನ ತಂತಿಯನ್ನು ಬರೀ ತಿರುಚಿ ಟೇಪ್ ಸುತ್ತಬೇಡಿ, ಬೆಸುಗೆ ಹಾಕಿ ಹೀಟ್ ಶ್ರಿಂಕ್ ಏರಿಸಿ. ಮೀಟರನ್ನು ಇಟ್ಟುಕೊಳ್ಳಿ ಎಂದೇ ನನ್ನ ಸಲಹೆ, ಪೆಟ್ರೋಲ್ ಪಂಪ್ ಸೋಲತೊಡಗಿದರೆ ಮೊದಲು ಹೇಳುವುದು ಅದೇ. ಅದನ್ನೂ ತೆಗೆಯುವುದಾದರೆ ಸೆನ್ಸರನ್ನು ಪೈಪಿನಲ್ಲಿ ಬಿಡಬೇಡಿ. ಹೀಟರಿಗೆ ಕರೆಂಟ್ ಇಲ್ಲದೆ ಹೊಗೆಯಲ್ಲಿ ಕೂತ ವೈಡ್‌ಬ್ಯಾಂಡ್ ಮಸಿ ಹಿಡಿದು ಹಾಳಾಗುತ್ತದೆ. ಬಿಚ್ಚಿ, ಆ ತೂತಿಗೆ ಪ್ಲಗ್ ಹಾಕಿಸಿ.